ಸನ್ ಅಂದರೆ ಸೂರ್ಯ

೧೯೯೮ರ ಡಿಸೆಂಬರ್‌ನ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ, ಕಾಗದ ಕತ್ತರಿಸುವ ಯಂತ್ರದ ಎಡಕ್ಕೆ ನಾನು ನಿಂತಿದ್ದೆ. ಅಲ್ಲಿ ನಿಂತು ಒಂದು ಸುಳ್ಳು ಹೇಳಿದೆ. ಅದು ನನ್ನ ಗೆಳೆಯ ವೇಲುವಿನ ಕೈಯಿಂದ ಚಿತ್ರವನ್ನು — ಕಿತ್ತುಕೊಂಡಿತು ಎನ್ನಲೇ? ಬೇರೆ ಮಾತು ಸಿಗುತ್ತಿಲ್ಲ.

ವೇಲು ಭದ್ರಾವತಿಯ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ. ನಾನು ಇಂಗ್ಲಿಷ್ ಬಿ.ಎ. ಓದುತ್ತಿದ್ದೆ. ನಮ್ಮ ಬಳಿ ಹೊರದೇಶದ ರಾಕ್ ತಂಡವೊಂದರ ಕ್ಯಾಸೆಟ್ ಇತ್ತು — ಯಾರದೋ ಪ್ರತಿಯ ಪ್ರತಿ. ಎರಡೂ ಬದಿಯ ಹಾಡುಗಳು ಸೇರಿ ಒಂದೇ ಕಥೆ. ಅದನ್ನು ಕನ್ನಡದಲ್ಲಿ ಕಾಮಿಕ್ಸ್ ಪುಸ್ತಕ ಮಾಡಬೇಕೆಂದು ವೇಲು ಹಟ ಹಿಡಿದ. ಅವನಿಗೆ ಇಂಗ್ಲಿಷ್ ಬಾರದು. ನಾನು ಟೇಪ್ ನಿಲ್ಲಿಸಿ ನಿಲ್ಲಿಸಿ ಕೇಳಿ, ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಅರ್ಥ ಹೇಳುತ್ತಿದ್ದೆ. ಕಥೆಯ ಜೀವವಿದ್ದ ಸಾಲಿನಲ್ಲಿ ‘ಸನ್’ ಎಂಬ ಪದವಿತ್ತು.

“ಸನ್ ಅಂದ್ರೆ ಸೂರ್ಯ ಮಾರಾಯ. ಆ ಊರಿಗೆ ಸೂರ್ಯ ವಾಪಸ್ ಬರ್ಲೇ ಇಲ್ಲ,” ಎಂದೆ.

ಸೂರ್ಯನಿಲ್ಲದ ಊರನ್ನು ವೇಲು ಎಂಟು ತಿಂಗಳು ಬಿಡಿಸಿದ. ನಲವತ್ತು ಹಾಳೆ. ಡ್ರಮ್ಮಿನ ಲಯ ಬದಲಾದಲ್ಲೆಲ್ಲ ಚಿತ್ರದ ಚೌಕಗಳ ಅಳತೆಯೂ ಬದಲಾಗುತ್ತಿತ್ತು — ಒಂದು ಪದವೂ ತಿಳಿಯದವನಿಗೆ ಅದು ಹೇಗೆ ತಿಳಿಯುತ್ತಿತ್ತೋ. ಆಕಾಶಕ್ಕೆ ಕಪ್ಪು ತುಂಬಿದ್ದು ಅವನ ಅಕ್ಕ ಸೆಲ್ವಿ; ನಾನು ಅರ್ಥ ಹೇಳುವಾಗಲೂ ಅವಳು ಟೇಪಿನ ಪಕ್ಕ ಕೂತಿರುತ್ತಿದ್ದಳು.

ಆ ಸೋಮವಾರ ಪ್ರೆಸ್ಸಿಗೆ ಮೂವರೂ ಹೋಗಿದ್ದೆವು. ಪುಸ್ತಕ ಅಚ್ಚು ಹಾಕಲು ಒಪ್ಪಿದ್ದ ಪ್ರೆಸ್ಸಿನ ಯಜಮಾನರು, ಮೂಲ ಕ್ಯಾಸೆಟ್ಟಿನ ಜೊತೆ ಬರುವ ಹಾಡಿನ ಚೀಟಿಯನ್ನು ಎಲ್ಲಿಂದಲೋ ತರಿಸಿಟ್ಟಿದ್ದರು. ಹಾಳೆ ತಿರುವಿ, ಚೀಟಿ ನೋಡಿ, ನಕ್ಕರು.

“ಮಗನ್ನ ಕಾಯೋ ಅಪ್ಪನ ಕಥೇರೀ ಇದು. ನಿಮ್ ಚಿತ್ರದಲ್ಲಿ ಮಗನೇ ಇಲ್ವಲ್ಲ? ಸೂರ್ಯ ಅಂತ ಯಾರ್ ಹೇಳಿದ್ದು?”

ಇಂಗ್ಲಿಷಿನಲ್ಲಿ ಎರಡು ಪದ, ಒಂದು ಸೂರ್ಯ, ಒಂದು ಮಗ. ಕಿವಿಗೆ ಒಂದೇ, ಕನ್ನಡದಲ್ಲಿ ಬರೆದರೂ ಒಂದೇ — ಸನ್. ತಪ್ಪಾಯಿತು ಎಂದಿದ್ದರೆ ಸಾಕಿತ್ತು. ವೇಲು ನನ್ನ ಮುಖವನ್ನೇ ನೋಡುತ್ತಿದ್ದ.

“ನಾನು ಮಗ ಅಂತಾನೇ ಹೇಳಿದ್ದೆ ಸಾರ್. ಇವನಿಗೆ ತಿಳೀಲಿಲ್ಲ.”

ಬಾಗಿಲಲ್ಲಿದ್ದ ಸೆಲ್ವಿ ಏನೋ ಹೇಳಲು ಬಾಯಿ ತೆರೆದಳು. ವೇಲು ಅವಳ ಕೈ ಹಿಡಿದು ಬೇಡವೆಂದು ತಲೆಯಾಡಿಸಿದ. ಹಾಳೆಗಳ ಅಂಚು ಸರಿಮಾಡಿ ದಾರ ಕಟ್ಟಿದ.

ಭದ್ರಾವತಿಯ ಬಸ್ಸಿನಲ್ಲಿ ಒಂದೇ ಸಲ ಕೇಳಿದ: “ನಂಗೆ ತಿಳಿಯಲ್ಲ ಅಂತ ನಿಂಗೂ ಅನ್ಸಿತ್ತಾ?”

ನಾನು ಕಿಟಕಿಯ ಕಡೆ ತಿರುಗಿದೆ.

ಆಮೇಲೆ ಅವನು ಬೋರ್ಡುಗಳ ಮೇಲೆ ಅಕ್ಷರ ಬರೆದ, ಚಿತ್ರ ಬಿಡಿಸಲಿಲ್ಲ. ಈಗ ಅವನಿಲ್ಲ. ನಾನು ಉತ್ತರ ಕೊಟ್ಟಿಲ್ಲ.

ನಾನು ‘ಸೂರ್ಯ’ ಎಂದದ್ದನ್ನು ಟೇಪಿನ ಪಕ್ಕ ಕೂತು ಕೇಳಿದವಳು, ‘ಮಗ’ ಎಂದಿದ್ದೆ ಎಂದದ್ದನ್ನೂ ಪ್ರೆಸ್ಸಿನ ಬಾಗಿಲಲ್ಲಿ ನಿಂತು ಕೇಳಿದವಳು ಒಬ್ಬಳಿದ್ದಾಳೆ. ಇಲ್ಲೇ ಭದ್ರಾವತಿಯ ಜನ್ನಾಪುರದಲ್ಲಿ. ಸೆಲ್ವಿಯಕ್ಕ.