ಕಾಕಾನ ಸಂಸ್ಥಾನ ಗುಜರಿಗೆ ಹೋದದ್ದು

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಗಳಿಗೆಯಲ್ಲಿ ನಾನು ಕೈಗಡಿಯಾರವನ್ನೇ ನೋಡುತ್ತಿದ್ದೆ. ಸಮಯದ ಅಗತ್ಯವೇನೂ ನನಗಿರಲಿಲ್ಲ. ಬಿ.ಎ. ಪಾಸಾದೆನೆಂದು ಅಪ್ಪ ಕೊಡಿಸಿದ ಹೊಸ ಗಡಿಯಾರ ಅದು. ಐದು ನಿಮಿಷಕ್ಕೊಮ್ಮೆ ನೋಡದಿದ್ದರೆ ಧಾರವಾಡದವರು ಪದವಿಯನ್ನು ವಾಪಸು ಕಸಿದುಕೊಳ್ಳುತ್ತಾರೇನೋ ಎಂಬಂತೆ ನೋಡುತ್ತಿದ್ದೆ. ಡೋಣಿ ಊರು ದಾಟಿ ರಸ್ತೆ ಇಳಿಜಾರಾದಾಗ, ಸ್ಟಿಯರಿಂಗ್ ಹಿಡಿದಿದ್ದ ನಮ್ಮ ಕಾಕಾ ಬಹಳ ಸಮಾಧಾನದಿಂದ ಹೇಳಿದ: "ಲೇ ತಮ್ಮಾ, ಬ್ರೇಕ್ ಯಾಕೋ ಮಾತ ಕೇಳವಲ್ದು."

ಇದೆಲ್ಲ ನೆನಪಾದದ್ದು ಮೊನ್ನೆ ಗದಗದ ಬಸ್ ನಿಲ್ದಾಣದಲ್ಲಿ. ಬೆಂಚಿನ ಮೇಲೆ ಕುಳಿತಿದ್ದೆ. ಒಂದು ಬಸ್ಸು ಮುಂದೆ ಬಂದು ನಿಂತಿತು, ಜೊತೆಗೆ ಬ್ರೇಕು ಕಾದು ಸುಟ್ಟ ವಾಸನೆಯೂ ಬಂತು. ನನ್ನ ಬಲಗಾಲು ನನ್ನನ್ನು ಕೇಳದೆಯೇ ಜೋರಾಗಿ ನೆಲ ಒತ್ತಿತು. ಅಲ್ಲಿ ನೆಲವಿರಲಿಲ್ಲ, ಪಕ್ಕದ ಹೆಣ್ಣುಮಗಳ ಪಾದವಿತ್ತು. "ಯಪ್ಪಾ! ಏನ್ರಿ ಯಜಮಾನ್ರ, ಬಸ್ಸು ನೀವ ನಿಲ್ಲಸ್ತೀರೇನು?" ಎಂದಳು ಆಕೆ. ಕ್ಷಮೆ ಕೇಳಿದೆ. ಬಸ್ಸು ನಿಲ್ಲಿಸುವ ಕೆಲಸ ನನ್ನದಲ್ಲ ಎಂದು ನನಗೂ ಗೊತ್ತಿದೆ. ಕಾಲಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಇಷ್ಟು ವರ್ಷಗಳಾದರೂ ಯಾವ ವಾಹನ ಹತ್ತಿದರೂ ನಾನು ಕಿಟಕಿಯ ಹೊರಗೆ ನೋಡುವುದಿಲ್ಲ, ಡ್ರೈವರನ ಪಾದ ನೋಡುತ್ತ ಕೂರುತ್ತೇನೆ.

ಕಾಕಾ, ಅಂದರೆ ಅಪ್ಪನ ತಮ್ಮ, ಬೆಟಗೇರಿಯ ಹತ್ತಿ ವ್ಯಾಪಾರಿ. ಅವನ ಮೋಟಾರಿನ ಕಥೆ ಸ್ವಾತಂತ್ರ್ಯದ ಮರುವರ್ಷಕ್ಕೆ ಹೋಗುತ್ತದೆ. ಸಂಸ್ಥಾನಗಳೆಲ್ಲ ವಿಲೀನವಾಗುತ್ತಿದ್ದ ಕಾಲ. ಲಕ್ಷ್ಮೇಶ್ವರದಲ್ಲಿದ್ದ ಸಂಸ್ಥಾನದ ಅಧಿಕಾರಿಯೊಬ್ಬರು ಗಂಟುಮೂಟೆ ಕಟ್ಟುವಾಗ, ಕಟ್ಟಲಾಗದ ಒಂದೇ ವಸ್ತುವಾದ ತಮ್ಮ ಮೋಟಾರನ್ನು ಕಾಕಾನಿಗೆ ಮಾರಿದರು. ಬದನೆಕಾಯಿ ಬಣ್ಣ, ಕೂತವರ ಮೊಣಕಾಲು ಗದ್ದಕ್ಕೆ ತಾಗುವ ಸೀಟು, ಎಮ್ಮೆ ಕೆಮ್ಮಿದಂತಹ ಹಾರ್ನು. ಕಾಕಾ ಅದನ್ನು ಮೋಟಾರು ಎಂದು ಕರೆಯಲೇ ಇಲ್ಲ, "ಸಂಸ್ಥಾನ" ಎಂದ. "ಸಂಸ್ಥಾನ ತೊಳದ್ರೇನ?" "ಸಂಸ್ಥಾನಕ್ಕ ಎಣ್ಣಿ ಹಾಕ್ರಿ." ದೇಶದ ಸಂಸ್ಥಾನಗಳೆಲ್ಲ ಮುಗಿದ ಮೇಲೂ ಒಂದು ನಮ್ಮ ಅಂಗಳದಲ್ಲಿ ಭದ್ರವಾಗಿ ಉಳಿದಿತ್ತು. ಬೆಳಿಗ್ಗೆ ಕಾಕಾ ಮೊದಲು ಅದರ ಮೂತಿಗೆ ವಿಭೂತಿ ಹಚ್ಚಿ, ಉಳಿದದ್ದನ್ನು ತನ್ನ ಹಣೆಗೆ ಹಚ್ಚಿಕೊಳ್ಳುತ್ತಿದ್ದ. ವಿಮೆಯ ಕಂತನ್ನೂ ದೇವರಿಗೆ ಕಾಯಿ ಒಡೆಸಿದ ಹಾಗೆ ವರ್ಷಕ್ಕೊಮ್ಮೆ ಭಕ್ತಿಯಿಂದ ಕಟ್ಟುತ್ತಿದ್ದ. ಅದರಿಂದ ಏನು ಸಿಗುತ್ತದೆಂದು ಕೇಳುವುದು ಅವನಿಗೆ ಅಪಚಾರವಾಗಿ ಕಾಣುತ್ತಿತ್ತು.

ಅಂಥ ಸಂಸ್ಥಾನ ಆ ಮಧ್ಯಾಹ್ನ ಇಳಿಜಾರಿನಲ್ಲಿ ಓಡಿತು. ನಾವು ಮುಂಡರಗಿಯಿಂದ ವಾಪಸು ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಕಾಕಾನ ಹೆಂಡತಿ ಕಾಕು, ಮಡಿಲಲ್ಲಿ ಬುತ್ತಿಯ ಡಬ್ಬಿ. ಕಾಕಾ ಪೆಡಲನ್ನು ಒತ್ತುತ್ತಿದ್ದ, ಅದು ಹಿಟ್ಟಿನೊಳಗೆ ಕಾಲಿಟ್ಟಂತೆ ಕೆಳಗೆ ಹೋಗುತ್ತಿತ್ತು. ಎದುರಿಗೆ ಮೇವು ಹೇರಿದ ಎತ್ತಿನ ಚಕ್ಕಡಿ. ಕಾಕಾ ಎಡಕ್ಕೆ ತಿರುಗಿಸಿದ. ರಸ್ತೆ ಹೋಯಿತು, ಎರೆಹೊಲ ಬಂತು, ಜೋಳದ ಸಾಲುಗಳು ಗಾಜಿಗೆ ಬಡಿದವು, ಆಮೇಲೆ ಜೋಳವೂ ಹೋಯಿತು. ಢಬ್ ಎಂದು ನಿಂತೆವು. ನನ್ನ ಪಕ್ಕದ ಬಾಗಿಲು ತಾನಾಗಿ ತೆರೆದುಕೊಂಡಿತು. ಇಳಿಯಲೆಂದು ಕಾಲು ಚಾಚಿ ಕೆಳಗೆ ನೋಡಿದೆ. ನೆಲವಿರಲಿಲ್ಲ, ಬಾವಿಯಿತ್ತು. ಕಟ್ಟೆಯಿಲ್ಲದ ತೆರೆದ ಬಾವಿ. ತಳದಲ್ಲಿ ಹಸಿರು ನೀರು. ಗೋಡೆಯ ಸಂದಿಗಳಿಂದ ಪಾರಿವಾಳಗಳು ಒಟ್ಟಿಗೆ ಮೇಲೆದ್ದು ನನ್ನ ಮುಖದ ಪಕ್ಕದಲ್ಲೇ ಹಾರಿಹೋದವು. ಮುಂದಿನ ಎಡಗಾಲಿ ಗಾಳಿಯಲ್ಲಿ ತಿರುಗುತ್ತಿತ್ತು. ಎತ್ತು ಕಟ್ಟಿ ನೀರೆಳೆಯಲು ಬಾವಿಯ ಅಂಚಿನಲ್ಲಿ ಯಾರೋ ಪುಣ್ಯಾತ್ಮ ನೆಟ್ಟಿದ್ದ ಕಲ್ಲುಕಂಬವೊಂದು ಸಂಸ್ಥಾನವನ್ನು ಹೊಟ್ಟೆಯ ಕೆಳಗೆ ತಡೆದು ಹಿಡಿದಿತ್ತು.

ಎಷ್ಟು ಹೊತ್ತು ಹಾಗಿದ್ದೆವೋ ಗೊತ್ತಿಲ್ಲ. ಗಡಿಯಾರ ನೋಡುವುದನ್ನು, ಅದು ಕೈಗೆ ಬಂದ ಮೇಲೆ, ಮೊದಲ ಸಲ ಮರೆತಿದ್ದೆ. ಹಿಂದಿನಿಂದ ಕಾಕುವಿನ ದನಿ ಬಂತು: "ಏನ್ರಿ, ಊರು ಬಂತೇನು?" ಕಣ್ಣು ಮುಚ್ಚಿಕೊಂಡೇ ಕೇಳಿದ್ದಳು. ಒಬ್ಬೊಬ್ಬರಾಗಿ ಕಾಕಾನ ಕಡೆಯ ಬಾಗಿಲಿನಿಂದ ತೆವಳಿ ಇಳಿದೆವು. ಕಾಕು ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ನಾನು ಅದಕ್ಕಿಂತ ಹೆಚ್ಚು ದಿನ ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚಿದರೆ ಕಾಲು ಚಾಚಿದಂತಾಗುತ್ತಿತ್ತು, ಕೆಳಗೆ ಹಸಿರು ನೀರು ಕಾಣುತ್ತಿತ್ತು. ತತ್ವಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದವನು ನಾನು. ಸಾವಿನ ಬಗ್ಗೆ ಎಂಟು ಪುಟ ಉತ್ತರ ಬರೆದಿದ್ದೆ. ಆ ಎಂಟು ಪುಟಗಳಲ್ಲಿ ಒಂದು ಸಾಲೂ ಉಪಯೋಗಕ್ಕೆ ಬರಲಿಲ್ಲ.

ಸಂಸ್ಥಾನವನ್ನು ಎರಡು ಜೋಡಿ ಎತ್ತು ಕಟ್ಟಿ ಬೆಟಗೇರಿಗೆ ಎಳೆತಂದರು. ಕಮ್ಮಾರಿಕೆ ಬಿಟ್ಟು ಮೋಟಾರು ಕೆಲಸ ಹಿಡಿದಿದ್ದ ಮಿಸ್ತ್ರಿ ಮಾನಪ್ಪ ಅದರ ಕೆಳಗೆ ತೆವಳಿ ಹೋಗಿ, ಬಹಳ ಹೊತ್ತಿನ ಮೇಲೆ ಹೊರಗೆ ಬಂದ.

"ಸಾವಕಾರ್ರ, ಬ್ರೇಕ್ ಮಾಡಿ ಕೊಡ್ತೀನಿ, ಮೂತಿ ಬಡದು ಕೊಡ್ತೀನಿ. ಆದ್ರ ತಳದ ಚಾಸಿ ಸೀಳೈತ್ರಿ. ಮನಶ್ಯಾಗ ಬೆನ್ನ ಮುರದಂಗ. ಅದಕ್ಕ ನಾ ಕೈ ಹಚ್ಚೂದಿಲ್ಲ."

"ಓಡತೈತೋ ಇಲ್ಲೋ, ಅಷ್ಟ ಹೇಳು."

"ಓಡತೈತ್ರಿ. ಯಾವಾಗ ಎರಡ ತುಂಡ ಆಗ್ತೈತಿ ಅಂತ ಹೇಳಾಕಾಗೂದಿಲ್ಲ."

ಕಾಕಾ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡ. ಅದೇ ದಿನ ಊಟಕ್ಕೆ ಕುಳಿತಾಗ ಘೋಷಿಸಿದ: ದೀಪಾವಳಿ ಮುಗಿದ ಮೇಲೆ ಬೆಳ್ಳಟ್ಟಿಯಿಂದ ಗಿರಿಜಾಳನ್ನು ಸಂಸ್ಥಾನದಲ್ಲೇ ಕರೆತರುತ್ತೇನೆ. ಗಿರಿಜಾ ಕಾಕಾನ ಒಬ್ಬಳೇ ಮಗಳು, ನನಗೆ ತಂಗಿ. ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬರಬೇಕಿತ್ತು. ಮುರಿದ ರೊಟ್ಟಿಯನ್ನು ನಾನು ತಾಟಿಗೆ ವಾಪಸು ಇಟ್ಟೆ. ಕಾಕುವಿನ ಕೈ ರೊಟ್ಟಿ ಬುಟ್ಟಿಯ ಮೇಲೇ ನಿಂತಿತು.

"ಮಂದಿ ಮಗಳನ್ನ ಚಕ್ಕಡ್ಯಾಗ ತಂದಾನ ಅಂತಾರ. ಸಾವಕಾರ ಅಂತ ಕರೀತಾರಲ್ಲ ನನ್ನ? ಯಾಕ ಕರೀತಾರ?" ಎಂದ ಕಾಕಾ.

ಇಲ್ಲಿ ವಿಮೆಯ ವಿಷಯ ಬಂತು. ಪತ್ರವ್ಯವಹಾರವನ್ನು ಇಂಗ್ಲಿಷಿನಲ್ಲಿ ಮಾಡಬೇಕಾದವನು ನಾನೇ. ದುರಸ್ತಿಯ ಖರ್ಚು ಕೇಳಿ ಬರೆದ ಪತ್ರಕ್ಕೆ ಕಂಪನಿಯ ಉತ್ತರ ಓದಿದಾಗ ನನಗೆ ದೇವರೇ ಸಹಿ ಹಾಕಿದಂತೆ ಕಂಡಿತು: ಗಾಡಿ ಹಳೆಯದು, ತಪಾಸಣೆ ಮಾಡುವವರು ಬರುತ್ತಾರೆ, ದುರಸ್ತಿಗೆ ಯೋಗ್ಯವಲ್ಲವೆಂದು ಅವರು ಬರೆದರೆ 'ಪೂರ್ಣ ನಷ್ಟ' ಎಂದು ಲೆಕ್ಕ ಹಿಡಿದು ಗಾಡಿಯನ್ನು ಕಂಪನಿಯೇ ಒಯ್ಯುತ್ತದೆ, ಪರಿಹಾರವನ್ನೂ ಕೊಡುತ್ತದೆ. ಕಾಕಾನಿಗೆ ಕನ್ನಡದಲ್ಲಿ ಹೇಳಿದೆ. ಅವನ ಮುಖ ಕೆಂಪಾಯಿತು. "ಪೂರ್ಣ ನಷ್ಟ? ಯಾರು? ಸಂಸ್ಥಾನ? ಬರ್ಲಿ ಅಂವಾ, ತೋರಸ್ತೀನಿ."

ಬೇರೆ ಕಡೆಯ ಜನ ಇಂಥ ಸಂದರ್ಭದಲ್ಲಿ ಏನು ಮಾಡುತ್ತಾರೆಂದು ನಿಮಗೆ ಗೊತ್ತು: ಮುರಿದಿದ್ದನ್ನು ಇನ್ನಷ್ಟು ಮುರಿದು, ಮೇಲೆ ಧೂಳು ಸುರಿದು, ಅತ್ತು ತೋರಿಸುತ್ತಾರೆ. ನಮ್ಮ ಮನೆಯಲ್ಲಿ ನಡೆದದ್ದು ಕನ್ಯೆ ನೋಡುವ ಶಾಸ್ತ್ರದ ತಯಾರಿ. ಪರವೂರಿನಿಂದ ನೋಡಲು ಬರುತ್ತಾರೆಂದರೆ ಕೊರತೆಯಿದ್ದ ಹುಡುಗಿಯನ್ನು ಹೇಗೆ ಸಿಂಗರಿಸಿ ಕೂರಿಸುತ್ತಾರೋ ಹಾಗೆ. ಮಾನಪ್ಪ ಮೂತಿಯ ತಗ್ಗುಗಳನ್ನು ಬಡಿದು ತೆಗೆದ. ಬದನೆಕಾಯಿ ಬಣ್ಣ ಗದಗದಲ್ಲಿ ಸಿಗದೆ ಹುಬ್ಬಳ್ಳಿಯಿಂದ ಬಂತು. ಚೆಂಡುಹೂವಿನ ಹಾರ ಬಿತ್ತು. ಚಾಸಿಗೆ ಮಾನಪ್ಪ ಕೈ ಹಚ್ಚದ ಕಾರಣ ಕಾಕಾ ತಾನೇ ಧೋತರ ಕಚ್ಚೆ ಕಟ್ಟಿ ಕೆಳಗೆ ನುಗ್ಗಿ, ಸೀಳಿನೊಳಗೆ ಮೇಣ ತುಂಬಿ, ಎಣ್ಣೆಯಲ್ಲಿ ಕಲಸಿದ ಕಾಡಿಗೆ ಬಳಿದ. ಕಂದೀಲು ಹಿಡಿದು ಬೆಳಕು ತೋರಿಸಿದವನು ನಾನು. ಬೇಡವೆಂದು ಹೇಳಲು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ "ಸ್ವಲ್ಪ ಎಡಕ್ಕ ಹಿಡಿ" ಎಂಬ ಮಾತು ಕೇಳಿ, ಎಡಕ್ಕೆ ಹಿಡಿದೆ.

ಹುಬ್ಬಳ್ಳಿಯಿಂದ ವಿಮಾ ಕಂಪನಿಯ ಸರ್ವೇ ಸಾಹೇಬರು ಬಂದರು. ಬಿಳಿ ಪ್ಯಾಂಟು, ತೆಳ್ಳಗಿನ ಮನುಷ್ಯ. ಅಂಗಳದಲ್ಲಿ ಕಾಲಿಟ್ಟವರೇ ನಿಂತುಬಿಟ್ಟರು.

"ಅಪಘಾತ ಆದ ಗಾಡಿ ಎಲ್ಲೈತ್ರಿ?"

"ಇದ ರೀ!" ಎಂದ ಕಾಕಾ, ಎದೆ ಉಬ್ಬಿಸಿ.

ಉಪ್ಪಿಟ್ಟು ಬಂತು, ಚಹಾ ಬಂತು. ಸಾಹೇಬರು ಸುತ್ತ ತಿರುಗಿ, ಬಗ್ಗಿ, ಬಡಿದು ನೋಡಿದರು. ಕಾಕಾ ಹಿಂದಿನಿಂದ ಗುಣವರ್ಣನೆ ಮಾಡುತ್ತ ನಡೆದ. ಯಂತ್ರ ಒಂದೇ ಹೊಡೆತಕ್ಕೆ ಸುರುವಾಯಿತು, ಹಾಳಾದದ್ದು! ಸಾಹೇಬರು ಪುಸ್ತಕ ತೆಗೆದು, "ದುರಸ್ತಿ ಆಗೂವಂಥಾದ್ದ ಐತಿ ಬಿಡ್ರಿ" ಎಂದು ಪೆನ್ನಿನ ಟೊಪ್ಪಿಗೆ ಬಿಚ್ಚಿದರು. ಬಾಗಿಲಲ್ಲಿ ನಿಂತಿದ್ದ ಕಾಕು ನನ್ನ ಕಡೆ ನೋಡಿದಳು. ನಾನು ಗಡಿಯಾರದ ಕಡೆ ನೋಡಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಕಾಕಾ ಗೆದ್ದಿದ್ದ. ಆದರೆ ಬಂದ ಅತಿಥಿಯನ್ನು ಒಂದು ಸುತ್ತು ಹೊಡೆಸದೆ ಕಳಿಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ. "ಒಂದ ರೌಂಡ್ ಗದಗಕ್ಕ ಹೋಗಿ ಬರೂಣು ಬರ್ರಿ ಸಾಹೇಬ್ರ. ಲೇ ತಮ್ಮಾ, ನೀ ಮುಂದ ಕುಂಡ್ರು. ಅವತ್ತ ಕುಂತಿದ್ದಿ ನೋಡು, ಅಲ್ಲೇ."

ನಾನು ಬಾಗಿಲು ತೆರೆದೆ. ಮೆಟ್ಟಿಲ ಮೇಲೆ ಕಾಲಿಡಲು ಹೋದೆ. ಕಾಲು ಏಳಲಿಲ್ಲ. ಇನ್ನೊಂದನ್ನು ಎತ್ತಿ ನೋಡಿದೆ, ಅದು ಮೊದಲಿನದರ ಪಕ್ಷ ವಹಿಸಿತು. ಹಾರ ಹಾಕಿದ ಮೋಟಾರಿನ ಮುಂದೆ, ನೋಡಲು ಸೇರಿದ್ದ ಅರ್ಧ ಓಣಿಯ ಎದುರು, ಇಸ್ತ್ರಿ ಅಂಗಿಯ ಬಿ.ಎ. ಪದವೀಧರನಾದ ನಾನು ಕುಕ್ಕರಗಾಲಿನಲ್ಲಿ ಕುಸಿದು ಕುಳಿತು ಹೋ ಎಂದು ಅತ್ತುಬಿಟ್ಟೆ.

"ಏನಾತೋ ಹುಚ್ಚಪ್ಪಾ?" ಎಂದ ಕಾಕಾ.

"ಕಾಕಾ, ಗಿರಿಜಾ ಹತ್ತೂದು ಬ್ಯಾಡ," ಎಂದೆ. ಆಮೇಲೆ ಸಾಹೇಬರ ಕಡೆ ತಿರುಗಿ, "ಕೆಳಗ ನೋಡ್ರಿ. ನಡುವಿನ್ಯಾಗ. ಕಾಡಿಗಿ ಹಚ್ಚೇವಿ" ಎಂದೆ.

ಸಾಹೇಬರು ಕಾಕುವಿನಿಂದ ಒಂದು ಗೋಣಿಚೀಲ ಈಸಿಕೊಂಡು, ಬಿಳಿ ಪ್ಯಾಂಟಿನ ಸಮೇತ ಕೆಳಗೆ ಸರಿದರು. ಚಾಕುವಿನಿಂದ ಕೆರೆಯುವ ಸದ್ದು ಕೇಳಿತು. ಮೇಣದ ಉಂಡೆಯೊಂದು ಹೊರಗೆ ಉರುಳಿತು. ಅವರು ಎದ್ದು ಬಂದಾಗ ಮುಖದ ಮೇಲೆ ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು.

"ಸಾವಕಾರ್ರ, ಇಷ್ಟ ವರ್ಷ ಈ ಕೆಲಸ ಮಾಡೇನಿ. ಚಲೋ ಇದ್ದ ಗಾಡಿ ಸತ್ತೈತಿ ಅಂದು ರೊಕ್ಕ ಕೇಳಾವ್ರನ್ನ ರಗಡ ನೋಡೇನಿ. ಸತ್ತ ಗಾಡಿಗೆ ಸಿಂಗಾರ ಮಾಡಿ, ಜೀವಂತ ಐತಿ ಅಂತ ನನ್ನ ಹತ್ತಸಾಕ ಬಂದಾವ್ರು ನೀವೊಬ್ಬರ ರೀ."

ಕಾಕಾ ಬಾಗಿ ಆ ಮೇಣದ ಉಂಡೆಯನ್ನು ಎತ್ತಿಕೊಂಡು ಒಳಗೆ ಹೋದ. ಸಾಹೇಬರು ನಿಂತಲ್ಲಿಯೇ ಎರಡು ಸಾಲು ಬರೆದರು. ಓಣಿಯವರು ಯಾರೂ ನಗಲಿಲ್ಲ; ಮನೆಗೆ ಹೋದ ಮೇಲೆ ನಕ್ಕಿರಬೇಕು.

ಕಂಪನಿಯ ಕೊನೆಯ ಪತ್ರ ಬರುವುದರೊಳಗೆ ರಾಜ್ಯವೇ ಬದಲಾಯಿತು. ಮುಂಬಯಿ ರಾಜ್ಯದಲ್ಲಿ ಅರ್ಜಿ ಹಾಕಿದ ಮನೆ, ಜಾಗದಿಂದ ಒಂದು ಇಂಚೂ ಅಲುಗದೆ ಮೈಸೂರು ರಾಜ್ಯಕ್ಕೆ ಬಂದಿತ್ತು. ಊರಲ್ಲಿ ಏಕೀಕರಣದ ಪೇಡೆ ಹಂಚುತ್ತಿದ್ದರು. ನಮ್ಮ ಮನೆಗೆ ಬಂದವರು ಮಾತ್ರ ಪೇಡೆ ಕೊಡಬೇಕೋ ಸಮಾಧಾನ ಹೇಳಬೇಕೋ ತಿಳಿಯದೆ ಎರಡನ್ನೂ ಮಾಡಿ ಹೋದರು. 'ಪೂರ್ಣ ನಷ್ಟ' ಎಂದು ಬರೆದಿದ್ದ ಪತ್ರವನ್ನು ನಾನೇ ಓದಿ ಹೇಳಿದೆ. ಬೈಗುಳಕ್ಕೆ ಕಾದೆ. "ಆತು" ಎಂದ ಕಾಕಾ, ಅಷ್ಟೇ.

ಸಂಸ್ಥಾನವನ್ನು ಒಯ್ಯಲು ಕಂಪನಿ ಕಳಿಸಿದ ಗುಜರಿಯವನು ಎತ್ತು ತಂದ ಮುಂಜಾನೆ ಕಾಕಾ ಓಣಿಯ ಕೊನೆಯವರೆಗೆ ಜೊತೆಯಲ್ಲೇ ನಡೆದ. ಪ್ರತಿ ತಗ್ಗಿನಲ್ಲೂ "ಸಾವಕಾಶ, ಸಾವಕಾಶ" ಎನ್ನುತ್ತಿದ್ದ. ಇನ್ನೇನು ಒಡೆದು ತುಂಡು ಮಾಡುವ ಗಾಡಿಗೆ ತಗ್ಗಿನ ಚಿಂತೆಯೇಕೆಂದು ಗುಜರಿಯವನು ಕೇಳಲಿಲ್ಲ, ಎತ್ತುಗಳನ್ನು ನಿಧಾನಿಸಿದ. ತಿರುವಿನಲ್ಲಿ ಕಾಕಾ ನಿಂತ. ನಾನು ಎರಡು ಹೆಜ್ಜೆ ಹಿಂದೆ ನಿಂತೆ.

"ಲೇ," ಎಂದ, ತಿರುಗದೆಯೇ. "ಕಾಡಿಗಿ ಹಚ್ಚೂವಾಗ ಯಾಕ ಹೇಳಲಿಲ್ಲ ನೀ?"

"ಅಂಜಿಕಿ ಬಂದಿತ್ತು."

"ಬಾವಿಗೊ, ನನಗೊ?"

"ಎರಡಕ್ಕೂ."

ಕಾಕಾ ಮನೆಯ ಕಡೆ ತಿರುಗಿ, "ಕಲತಾವ್ನು, ಖರೇನ ಹೇಳ್ದಿ" ಎಂದ.

ವಾರದ ಮೇಲೆ ಗಿರಿಜಾ ಬೆಳ್ಳಟ್ಟಿಯಿಂದ ಬಂದಳು, ಮೆತ್ತನೆ ಹಾಸಿದ ಕಮಾನು ಬಂಡಿಯಲ್ಲಿ. ದಾರಿಯುದ್ದಕ್ಕೂ ಎತ್ತಿನ ಹಗ್ಗ ಹಿಡಿದವನು ಕಾಕಾ. ಮುಂಜಾನೆ ಹೊರಟು ಬೆಟಗೇರಿ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. "ಅಪ್ಪ ಎಷ್ಟ ಸಾವಕಾಶ ಹೊಡದಾನಂದ್ರ, ನಡಕೊಂತ ಬಂದ ಡೊಂಬರು ನಮ್ಮನ್ನ ದಾಟಿ ಹೋದ್ರಣ್ಣ," ಎನ್ನುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಕು ನಿವಾಳಿಸಿ ಒಳಗೆ ಕರೆದುಕೊಂಡಳು. ಉಂಡು ಪಡಸಾಲೆಯಲ್ಲಿ ಅಡ್ಡಾದೆ.

ಕಣ್ಣು ತೆರೆದಾಗ ಬಿಸಿಲು ಎದೆಯವರೆಗೆ ಬಂದಿತ್ತು. ಒಳಗೆ ಅಡುಗೆಮನೆಯಲ್ಲಿ ಗಿರಿಜಾ ಏನನ್ನೋ ದೊಡ್ಡದಾಗಿ ಹೇಳಲು ಹೋದಳು. "ಸಣ್ಣಗ ಮಾತಾಡವ್ವಾ," ಎಂದಳು ಕಾಕು, "ಇಬ್ರೂ ಎಷ್ಟೋ ದಿವಸದ ಮ್ಯಾಲ ಮಲಗ್ಯಾರ." ಇಬ್ಬರೆಂದರೆ ಯಾರೆಂದು ತಿರುಗಿ ನೋಡಿದೆ. ಪಕ್ಕದ ಹೊರಸಿನ ಮೇಲೆ, ಅಂಗಡಿ ತೆರೆಯುವ ಹೊತ್ತು ಮೀರಿದ್ದರೂ, ಕಾಕಾ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.