ಸೋಮಮ್ಮನ ಸೇರು, ಪಾವು, ಚಟಾಕು

ಕಿರುಗಾವಲಿನಲ್ಲಿ ಈಗಷ್ಟೇ ಬೆಳಕು ಹರಿದಿದೆ. ಶಿವರಾಜು ಮನೆಯ ಜಗಲಿಯ ಮೇಲೆ ಪೂರಿಗಾಲಿಯ ಸೋಮಮ್ಮ ಚಾಪೆ ಹಾಸಿ, ಚೀಲದಿಂದ ನಾಲ್ಕು ಹಿತ್ತಾಳೆ ಅಳತೆಗಳನ್ನು ತೆಗೆದು ಸಾಲಾಗಿ ಇಡುತ್ತಿದ್ದಾರೆ. ಚಟಾಕು, ಪಾವು, ಅಚ್ಚೇರು, ಸೇರು. ಪಕ್ಕದಲ್ಲಿ ಮೊರದ ತುಂಬ ರಾಗಿ. ಎದುರು ಮನೆಯವರೊಬ್ಬರು "ರಾಗಿ ಎಂಗಮ್ಮ?" ಎಂದು ಆಗಲೇ ವಿಚಾರಿಸಿಯೂ ಆಗಿದೆ.

"ಮಾರಕ್ಕಲ್ಲ ಕಣಪ್ಪ, ಕೇಳಕ್ಕೆ," ಎಂದು ಸೋಮಮ್ಮ ನಗುತ್ತಾರೆ. ಅವರು ಇಂಥ ಮಾತಿಗೆ ಒಗ್ಗಿಹೋಗಿದ್ದಾರೆ.

ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಗಾಯವಾದವರು ಆಮೇಲಿನ ಬದುಕನ್ನು ಮನಸ್ಸಿನಲ್ಲಿ ಹೇಗೆ ನಿಭಾಯಿಸುತ್ತಾರೆ ಎಂದು ಅಳೆಯುವ ಅಧ್ಯಯನವೊಂದು ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ನಡೆಯುತ್ತಿದೆ. ಸೋಮಮ್ಮ ಅದರ ಕ್ಷೇತ್ರ ಕಾರ್ಯಕರ್ತೆ. ಹದಿನೇಳು ಹಳ್ಳಿ, ನಲವತ್ತೊಂದು ಜನ, ಒಬ್ಬೊಬ್ಬರಿಗೆ ಇಪ್ಪತ್ತೆಂಟು ಪ್ರಶ್ನೆ. ದಿನಕ್ಕೆ ಎರಡೇ ಮನೆ, ಅದೂ ಬೆಳಗಿನಲ್ಲಿ. ಹೊತ್ತೇರಿದರೆ ಇವರಿಗೆಲ್ಲ ತಲೆ ಭಾರವಾಗಿ ಮಾತು ತಡವರಿಸುತ್ತದೆ. ಹಾಗಾಗಿ ಮೊದಲ ಬಸ್ಸಿನ ಕಂಡಕ್ಟರಿಗೆ ಸೋಮಮ್ಮನ ಊರು, ಚೀಲ, ಸೊಂಟನೋವು ಎಲ್ಲವೂ ಗೊತ್ತು.

ಅಳತೆಗಳ ಕಥೆ ಶುರುವಾಗುವುದು ಅವರ ಮನೆಯಲ್ಲೇ. ಎಂಟು ವರ್ಷದ ಹಿಂದೆ ಗಂಡ ಕೆಂಪಸಿದ್ದಯ್ಯ ಕಬ್ಬಿನ ಲೋಡಿನ ಮೇಲಿಂದ ಬಿದ್ದರು. ಜೀವ ಉಳಿಯಿತು, ಲೆಕ್ಕ ಹೋಯಿತು. ಐದರ ಮುಂದೆ ಆರು ಬರುವುದು ಅವರಿಗೆ ಈಗಲೂ ಖಾತ್ರಿಯಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೋಮಮ್ಮ ಅಭ್ಯಾಸಕ್ಕೆಂದು ಅವರನ್ನೇ ಕೂರಿಸಿಕೊಂಡು ಹಾಳೆ ಓದಿದರು. 'ಸಂಕಷ್ಟದ ಸನ್ನಿವೇಶದಲ್ಲಿ ನಾನು ಅನ್ಯರ ನೆರವನ್ನು ಕೋರುತ್ತೇನೆ. ಎಂದಿಗೂ ಇಲ್ಲ, ವಿರಳವಾಗಿ, ಕೆಲವೊಮ್ಮೆ, ಬಹುತೇಕ, ಸದಾ.'

"ಬಾಯ್ ಬುಟ್ಕೊಂಡು ನನ್ನೇ ನೋಡುದ್ರು. ಅದ್ಯಾರ ಭಾಸೆನೋ ಅದು! ಆಮ್ಯಾಕೆ ನಮ್ಮನೆ ಮಾತಲ್ಲಿ ಕೇಳ್ದೆ. ಆಗ ಎದ್ದೋಗಿ ಅಟ್ಟದ ಮೇಲಿಂದ ಪಾವು ತಂದು ಮುಂದಿಟ್ಟು, ಇಸ್ಟು ಅಂದ್ರು," ಎನ್ನುತ್ತಾರೆ ಸೋಮಮ್ಮ.

ಅಷ್ಟೇ. ಮರುದಿನದಿಂದ ಪಾವಿನ ಜೊತೆ ಉಳಿದ ಅಳತೆಗಳೂ ಬಸ್ಸು ಹತ್ತಿದವು. ಇಲ್ಲವೇ ಇಲ್ಲ ಎಂದರೆ ಬರಿಗೈ, ಸ್ವಲ್ಪವಾದರೆ ಚಟಾಕು, ಸದಾ ಎಂದರೆ ಸೇರು. ಮೊದಮೊದಲು ಒಂದು ಎಡವಟ್ಟಾಯಿತು. ಆಯಾ ಮನೆಯ ರಾಗಿಯನ್ನೇ ಕೇಳಿದ್ದರಿಂದ ಎಲ್ಲರೂ ಪ್ರಶ್ನೆ ಮುಗಿಯುವ ಮೊದಲೇ ಸೇರನ್ನು ಗೋಪುರದಂತೆ ತುಂಬಿದರು. ಬಾಗಿಲಿಗೆ ಬಂದವರಿಗೆ ಅಳತೆ ಕಡಿಮೆ ಮಾಡಿದರೆ ಮನೆತನದ ಮರ್ಯಾದೆ ಏನಾಗಬೇಕು? ಒಂದು ವಾರದ ಹಾಳೆಗಳೆಲ್ಲ ದಂಡ. ಆಮೇಲೆ ಸೋಮಮ್ಮ ರಾಗಿಯನ್ನೂ ತಾವೇ ಹೊತ್ತರು. "ರಾಗಿ ನಂದು, ಉತ್ರ ನಿಂದು" ಎಂದರೆ ಈಗ ಯಾರಿಗೂ ಸಂಕೋಚವಿಲ್ಲ.

ಆದರೆ ಅಧ್ಯಯನದ ಮೇಲ್ವಿಚಾರಕಿ ಅಮೃತ ಅವರಿಗೆ ಅನುಮಾನ. ಪಾತ್ರೆಯಲ್ಲಿ ಅಳೆದ ಉತ್ತರ ನೆಚ್ಚಬಹುದೇ? ಹನ್ನೆರಡು ಮನೆಗಳಿಗೆ ಎರಡು ವಾರ ಬಿಟ್ಟು ತಾವೇ ಹೋಗಿ ಅದೇ ಪ್ರಶ್ನೆ ಕೇಳುವುದು, ಉತ್ತರ ಹೊಂದದಿದ್ದರೆ ನಲವತ್ತೊಂದೂ ಹಾಳೆಗಳನ್ನು ಕೈಬಿಡುವುದು ಎಂದು ತೀರ್ಮಾನವಾಯಿತು. ಹನ್ನೊಂದು ಮನೆ ಹೊಂದಿವೆ. ಇಂದಿನದು ಕೊನೆಯದು. ಪ್ರಶ್ನೆ ಅಮೃತ ಅವರದು, ಸೋಮಮ್ಮ ಬಾಯಿ ತೆರೆಯುವಂತಿಲ್ಲ. ಅವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ.

ಶಿವರಾಜು ಮೂವತ್ತರ ಆಸುಪಾಸಿನವನು. ಎರಡು ವರ್ಷದ ಹಿಂದೆ ನಾಲೆ ಏರಿಯ ಮೇಲೆ ಬೈಕು ಜಾರಿ ತಲೆಗೆ ಪೆಟ್ಟಾಯಿತು. ದಾರಿ ಮರೆಯುತ್ತದೆ, ಸಿಟ್ಟು ಬೇಗ ಬರುತ್ತದೆ. ಆದರೂ ಇವತ್ತು ತಾಳ್ಮೆಯಿಂದ ರಾಗಿ ಸುರಿಯುತ್ತಿದ್ದಾನೆ. ನಗುತ್ತೀಯಾ? ಪಾವು. ಯಾರನ್ನಾದರೂ ದೂರುತ್ತೀಯಾ? ಚಟಾಕು. ಹೊಂದಿತು, ಹೊಂದಿತು. ಹತ್ತೊಂಬತ್ತನೆಯದು, ನೆರವು ಕೇಳುತ್ತೀಯಾ? ಎರಡು ವಾರದ ಹಿಂದೆ ಅವನು ಬರಿಗೈ ತೋರಿಸಿದ್ದ. ಈಗ ಅರ್ಧ ಸೇರಿನ ಅಚ್ಚೇರನ್ನು ಎಳೆದುಕೊಂಡು ತುಂಬುತ್ತಾನೆ.

ಸೋಮಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

"ಹೋದ ಸಲ ಇಲ್ಲ ಅಂದಿದ್ದಿರಲ್ಲ?" ಅಮೃತ ಕೇಳುತ್ತಾರೆ.

"ಊಂ. ಸೋಮಕ್ಕ ಕೇಳೋಗಂಟ ಅಂಗೆ ಕೇಳ್ಬೋದು ಅಂತಲೇ ನಂಗೆ ಒಳೆದಿರ್ನಿಲ್ಲ," ಎಂದು ಶಿವರಾಜು ರಾಗಿ ಸಮ ಮಾಡುತ್ತಾನೆ. "ಈಗ ದಾರಿ ತಪ್ಪುದ್ರೆ ಅಲ್ಲೇ ಯಾರ್ನಾರ ನಿಲ್ಸಿ, ನಮ್ಮನೆ ಎತ್ಲಾಗ್ಲಾ ಅಂತ ಕೇಳ್ತೀನಿ. ಯೋಳ್ತಾರೆ."

ಒಳಗಿನಿಂದ ತಾಯಿ ಚಿಕ್ಕಬೋರಮ್ಮ ಕಾಫಿ ಹಿಡಿದು ಬರುತ್ತಾರೆ. "ದಿಟ ಕಣಮ್ಮ. ಎಲ್ಡು ವರ್ಸ ಮನೆ ಬುಟ್ಟು ಕದ್ಲಿರ್ನಿಲ್ಲ. ಮೊನ್ನೆ ಅಂಗ್ಡಿಗೋಗಿ ಬೆಲ್ಲ ತಂದವ್ನೆ. ಈ ಕಾಫಿ ಆ ಬೆಲ್ಲದ್ದೇಯ."

ಅಮೃತ ಒಂದು ಗುಟುಕು ಕುಡಿದು ಹಾಳೆಯ ಅಂಚಿನಲ್ಲಿ ಏನೋ ಬರೆಯುತ್ತಾರೆ. ಆಮೇಲಿನ ಪ್ರಶ್ನೆಗಳೂ ಮುಗಿದಾಗ ಉಳಿದ ಇಪ್ಪತ್ತೇಳೂ ಹೊಂದಿವೆ. ಹೊಂದದ ಈ ಒಂದು ಉತ್ತರ ಅಳತೆಯ ತಪ್ಪಲ್ಲ, ಬದಲಾಗಿರುವುದು ಶಿವರಾಜು ಎನ್ನುತ್ತಾರೆ. ನಲವತ್ತೊಂದೂ ಹಾಳೆಗಳು ಉಳಿದವು. ಬಾಯಿಯ ಬೀಗ ತೆಗೆದದ್ದೇ ತಡ, ಸೋಮಮ್ಮ ಶಿವರಾಜುವಿನ ಬೆನ್ನಿಗೊಂದು ಗುದ್ದಿ, "ಜೀವ ತೆಗ್ದುಬುಟ್ಟಲ್ಲೋ ನನ್ಮಗ್ನೆ!" ಎನ್ನುತ್ತಾರೆ. ಜಗಲಿ ತುಂಬ ನಗು, ಒಂದಿಷ್ಟು ರಾಗಿಯೂ ಚೆಲ್ಲುತ್ತದೆ.

ಬೇರೆ ಕಾರ್ಯಕರ್ತೆಯರಿಗೂ ಇಂಥದ್ದೇ ಅಳತೆ ಕೊಡಿಸಬೇಕು, ವರದಿಯಲ್ಲಿ ಇದನ್ನು ಸೋಮಮ್ಮನ ವಿಧಾನ ಎಂದೇ ಬರೆಯುತ್ತೇನೆ ಎಂದು ಅಮೃತ ಹೇಳುತ್ತಾರೆ. ಸೋಮಮ್ಮ ಅಳತೆಗಳನ್ನು ಒಂದರೊಳಗೊಂದು ಇಟ್ಟು ಚೀಲಕ್ಕೆ ಸೇರಿಸುತ್ತಿದ್ದವರು ಕೈ ತಡೆಯುತ್ತಾರೆ. ಪ್ರತಿ ಸಂಜೆ ಹುಣಿಸೆಹಣ್ಣು ಹಾಕಿ ಅವನ್ನು ತಿಕ್ಕಿ ಬೆಳಗುವುದು ಕೆಂಪಸಿದ್ದಯ್ಯನವರ ಕೆಲಸ.

"ನನ್ನೆಸ್ರು ಬ್ಯಾಡ ಕಣಮ್ಮ. ಬುದ್ದಿ ಓಯ್ತು, ಲೆಕ್ಕ ಬರಕ್ಕಿಲ್ಲ ಅಂತ ಎಂಟು ವರ್ಸದಿಂದ ಊರೆಲ್ಲ ಅಂದದೆ. ಮೊದ್ಲು ಅಳ್ದೋರು ಕೆಂಪಸಿದ್ದಯ್ಯ ಅಂತ ಬರ್ಕೊಳಿ."