ಲೊರೇನ್ ಕೊಂಡ ಹಳೇ ಫೋನು

ಲೊರೇನ್ ಟ್ರೆವಿನ್ ಮತ್ತು ನಾನು ಮೂಂಟಾ ಎಂಬ ಕಡಲತಡಿಯ ಊರಿನ ಬೇಕರಿಯಲ್ಲಿ ಒಂದೇ ಮೇಜಿನ ಎದುರುಬದುರು ನಿಂತು ಪ್ಯಾಸ್ಟಿ ಮಾಡುವವರು. ಮಾಂಸ, ಆಲೂಗಡ್ಡೆ, ಈರುಳ್ಳಿಯ ಹೂರಣವನ್ನು ಹಿಟ್ಟಿನ ಮೇಲೆ ಇಡುವುದು ನನ್ನ ಕೆಲಸ. ಮಡಿಚಿ ಅಂಚು ಹೆಣೆಯುವುದು ಅವಳದು. ಅವಳ ಬೆರಳುಗಳು ಆ ಕೆಲಸವನ್ನು ಎಷ್ಟು ಸಲ ಮಾಡಿವೆಯೆಂದರೆ ಕಣ್ಣು ಮೇಜಿನ ಮೇಲೆ ಇರಬೇಕಾಗಿಯೇ ಇಲ್ಲ. ಆ ವರ್ಷವಂತೂ ಅವಳ ಕಣ್ಣು ಎಲ್ಲಿರುತ್ತಿತ್ತೋ ಯಾರಿಗೂ ತಿಳಿಯುತ್ತಿರಲಿಲ್ಲ.

ಮೊದಲು ಅವಳು ಹಾಗಿರಲಿಲ್ಲ. ಶನಿವಾರ ಬಂದರೆ ಕೊರಳಿಗೆ ಸೀಟಿ ಹಾಕಿಕೊಂಡು ಹುಡುಗಿಯರ ನೆಟ್‌ಬಾಲ್ ಪಂದ್ಯಕ್ಕೆ ಅಂಪೈರ್ ಆಗಿ ನಿಲ್ಲುತ್ತಿದ್ದಳು. ತಕರಾರು ತೆಗೆದ ತಾಯಂದಿರನ್ನು ಅಂಗಳದಾಚೆ ಕಳಿಸಿದವಳು. ಅವಳ ಗಂಡ ನೆವ್ ಕೌನ್ಸಿಲ್ಲಿನಲ್ಲಿ ರಸ್ತೆ ಕೆಲಸ ಮಾಡುತ್ತಿದ್ದ. ರಜೆಯಲ್ಲಿ ಮೊಣಕಾಲುದ್ದದ ಸಮುದ್ರದ ನೀರಲ್ಲಿ ನಡೆದು ಏಡಿ ಹಿಡಿಯುತ್ತಿದ್ದ. ಫೆಬ್ರವರಿಯ ಒಂದು ಮಧ್ಯಾಹ್ನ ಟೊಮೆಟೊ ಗಿಡಗಳಿಗೆ ನೀರು ಬಿಡುತ್ತಿದ್ದಾಗ ಅಲ್ಲೇ ಕುಸಿದುಬಿದ್ದ. ಲೊರೇನ್ ಕೆಲಸ ಮುಗಿಸಿ ಹೋದಾಗ ಪೈಪಿನ ನೀರು ಅಂಗಳ ತುಂಬಿ ರಸ್ತೆಗೆ ಹರಿದಿತ್ತು.

"ನಾನು ಮೊದಲು ನಲ್ಲಿ ನಿಲ್ಲಿಸ್ದೆ. ಆಮೇಲೆ ಅವನ ಹತ್ರ ಹೋದೆ" ಎಂದು ಅವಳು ನನಗೆ ಹೇಳಿದ್ದಳು.

"ಅಷ್ಟು ಹೊತ್ತಿಗೆ ಅವ್ನು ಹೋಗಿಬಿಟ್ಟಿದ್ದ ಲೊರೇನ್. ಡಾಕ್ಟ್ರೇ ಹೇಳಿದ್ರಲ್ಲ."

"ಅದು ಆಮೇಲೆ ಗೊತ್ತಾಗಿದ್ದು. ನಲ್ಲಿ ನಿಲ್ಸೋವಾಗ ನಂಗೆ ಗೊತ್ತಿರ್ಲಿಲ್ವಲ್ಲ."

ಅಂತ್ಯಕ್ರಿಯೆಯಲ್ಲಿ ಅವಳು ಅಳಲಿಲ್ಲ. ಬಂದವರಿಗೆಲ್ಲ ಚಹಾ ಕೊಟ್ಟಳು, ಉಳಿದ ಸ್ಯಾಂಡ್‌ವಿಚ್ ಕಟ್ಟಿಟ್ಟಳು, ಮುಂದಿನ ವಾರ ಕೆಲಸಕ್ಕೆ ಬಂದಳು. ಸೀಟಿಯನ್ನು ಮಾತ್ರ ಮತ್ತೆ ಕೊರಳಿಗೆ ಹಾಕಲಿಲ್ಲ. ಹೇಗಿದ್ದೀಯ ಎಂದು ಕೇಳಿದರೆ "ಇದೀನಿ" ಅನ್ನುತ್ತಿದ್ದಳು. ನೋವು ಅಂತಲೂ ಹೇಳುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಕೊಡ್ತಾರಲ್ಲ, ಮೈಯೆಲ್ಲ ಹಾಗಾಗಿದೆ ಎಂದು ಒಮ್ಮೆ ಹೇಳಿದಳು, ಅಷ್ಟೆ.

ಆ ಅಕ್ಟೋಬರಿನಲ್ಲಿ ಫೋನ್ ಕಂಪನಿಗಳು ಹಳೆಯ ನೆಟ್‌ವರ್ಕ್ ಮುಚ್ಚಿದವು. ಲೊರೇನಳ ಫೋನ್ ಆ ಹಳೆಯ ಕಾಲದ್ದು. ಒಂದು ದಿನದಿಂದ ಅದಕ್ಕೆ ಕರೆ ಬರುವುದೂ ನಿಂತಿತು, ಹೋಗುವುದೂ ನಿಂತಿತು. ವೈಫೈ ಇದ್ದಲ್ಲಿ ಚಿತ್ರ ನೋಡಬಹುದು, ಆಟ ಆಡಬಹುದು, ಅಷ್ಟೇ ಅದರ ಬಾಳು. ನನಗೆ ಅದು ತಿಳಿದದ್ದು ಎರಡು ವಾರದ ಮೇಲೆ, ಅವಳು ಕೆಲಸಕ್ಕೆ ತಡವಾಗಿ ಬಂದ ದಿನ, ಎಷ್ಟು ಸಲ ಕರೆ ಮಾಡಿದರೂ ತಾಗದೆ ಗಾಬರಿಯಾದಾಗ.

"ಒಬ್ಳೇ ಇರೋಳು ನೀನು. ಬಚ್ಚಲಲ್ಲಿ ಜಾರಿಬಿದ್ರೆ ಯಾರನ್ನ ಕರೀತೀಯ? ಆಂಬುಲೆನ್ಸಿಗೂ ಕರೆ ಹೋಗಲ್ವಲ್ಲೇ ಇದ್ರಲ್ಲಿ" ಎಂದೆ.

"ಹೌದಲ್ವಾ" ಎಂದಳು, ಬೇರೆ ಯಾರದೋ ವಿಷಯ ಎಂಬಂತೆ.

ಹೊಸದು ಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಬಳಸಿದ್ದಾದರೂ ಸರಿ ಎಂದು ಆನ್‌ಲೈನಿನಲ್ಲಿ ಹುಡುಕಿಕೊಟ್ಟೆ. ಡೀನ್ ಎಂಬ ಹೆಸರಿನವನೊಬ್ಬ ಒಳ್ಳೆಯ ಫೋನನ್ನು ಅಗ್ಗಕ್ಕೆ ಹಾಕಿದ್ದ. ತಾನು ಉತ್ತರದ ಗಣಿಯಲ್ಲಿ ಕೆಲಸದಲ್ಲಿದ್ದೇನೆ, ಬಂದು ತೋರಿಸಲಾಗದು, ಹಣ ಮೊದಲು ಕಳಿಸಿದರೆ ಕೊರಿಯರಿನಲ್ಲಿ ಕಳಿಸುತ್ತೇನೆ ಎಂದು ಬರೆದ. ಮರುದಿನ ಚಹಾದ ಹೊತ್ತಿಗೆ ಲೊರೇನ್ ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು ಇನ್ನೊಂದು ಕೈಯಲ್ಲಿ, ಬೇಕರಿಯ ವೈಫೈ ಹಿಡಿದು, ಅವನ ಬ್ಯಾಂಕ್ ಖಾತೆಯ ಸಂಖ್ಯೆ ಒತ್ತುತ್ತಿದ್ದಳು.

"ಏನ್ ಮಾಡ್ತಿದೀಯ?"

"ದುಡ್ಡು ಕಳಿಸ್ತಿದೀನಿ."

"ವಸ್ತು ನೋಡ್ದೆ, ಮನುಷ್ಯನ್ನ ನೋಡ್ದೆ?"

"ಹೋದ್ರೆ ಹೋಗ್ಲಿ ಬಿಡೇ."

ಮೋಸಗಾರನಿಗಿಂತ ನನಗೆ ಹೆದರಿಕೆಯಾದದ್ದು ಆ ಮಾತಿಗೆ. ಫೋನು ಕಿತ್ತುಕೊಂಡು ನಾನೇ ಡೀನ್‌ಗೆ ಬರೆದೆ. ಪ್ರತಿ ಫೋನಿಗೂ ಅದರದ್ದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಕಳುವಾಗಿದೆ ಎಂದು ದೂರು ಹೋದ ಫೋನುಗಳನ್ನು ಆ ಸಂಖ್ಯೆಯಿಂದಲೇ ತಡೆಯುತ್ತಾರೆ. ಅದನ್ನು ಕಳಿಸಿ, ಪರೀಕ್ಷಿಸಿ ಹಣ ಕೊಡುತ್ತೇವೆ ಎಂದೆ. "ನೀವೇನು ಪೊಲೀಸರಾ?" ಎಂದು ಉತ್ತರ ಬಂತು. ಆಮೇಲೆ ಅವನ ಸುದ್ದಿಯೇ ಇಲ್ಲ. ಸಂಜೆ ಹುಡುಕಿದರೆ ಅದೇ ಫೋಟೋ, ಅದೇ ಮೇಜುಬಟ್ಟೆ, ಪರ್ತ್‌ನಲ್ಲಿ ಬೇರೆ ಹೆಸರಿನಲ್ಲಿ ಮಾರಾಟಕ್ಕಿತ್ತು. ತೋರಿಸಿದರೆ ಲೊರೇನ್ "ಮೇಜುಬಟ್ಟೆ ಚೆನ್ನಾಗಿದೆ" ಎಂದಳು.

ಎರಡನೆಯ ಜಾಹೀರಾತು ಕಡೀನಾದ್ದು, ನಮಗೆ ಕಾರಿನಲ್ಲಿ ಕಾಲು ಗಂಟೆ. ಮಾರುವವನು ಲಿಂಡ್ಸೆ ಪಾಸ್ಕೋ ಎಂಬ ಮುದುಕ. ಕೇಳಿದ ಕೂಡಲೇ ಪೆಟ್ಟಿಗೆಯ ಮೇಲಿದ್ದ ಗುರುತಿನ ಸಂಖ್ಯೆಯ ಫೋಟೋ ಕಳಿಸಿದ. ಪರೀಕ್ಷಿಸಿದೆವು, ಕಳವಿನದಲ್ಲ. ಕೊಂಡ ಅಂಗಡಿಯ ರಸೀದಿಯೂ ಇದೆ ಎಂದ. ಪೊಲೀಸ್ ಠಾಣೆಯ ಎದುರು ಹಗಲು ಹೊತ್ತಿನಲ್ಲಿ ಭೇಟಿಯಾಗೋಣ ಎಂದರೆ "ಆಗಲಿ, ಅಲ್ಲಿ ನೆರಳಿದೆ" ಎಂದ.

ಆ ದಿನ ನನಗೆ ರಜೆ ಸಿಗಲಿಲ್ಲ. ಲೊರೇನಳಿಗೆ ಮಕ್ಕಳಿಗೆ ಹೇಳಿದ ಹಾಗೆ ಹೇಳಿ ಕಳಿಸಿದೆ. ಪೆಟ್ಟಿಗೆಯ ಮೇಲಿನ ಸಂಖ್ಯೆ ಫೋನಿನೊಳಗೂ ಅದೇ ಇದೆಯಾ ನೋಡು. ನಿನ್ನ ಸಿಮ್ ಹಾಕಿ ನನಗೊಂದು ಕರೆ ಮಾಡು. ಹಳೇ ಮಾಲೀಕರ ಖಾತೆ ತೆಗೆದಿರಬೇಕು, ಬೀಗ ಬಿದ್ದಿರುವ ಫೋನಾದರೆ ಪುಕ್ಕಟೆ ಕೊಟ್ಟರೂ ಬೇಡ. ಎಲ್ಲ ಆದಮೇಲೆ ಹಣ. ಮುಂದೆ ನಡೆದದ್ದನ್ನು ಅವಳು ನನಗೆ ಪ್ಯಾಸ್ಟಿ ಮಡಿಚುತ್ತಾ ಮಡಿಚುತ್ತಾ ಹೇಳಿದಳು.

ಲಿಂಡ್ಸೆ ಠಾಣೆಯ ಮುಂದಿನ ಬೆಂಚಿನ ಮೇಲೆ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಪೆಟ್ಟಿಗೆ. ಫೋನು ಅವನ ಹೆಂಡತಿ ಬೆರಿಲಳದ್ದು. ಅವಳಿಗೆ ಮರೆವಿನ ಕಾಯಿಲೆ.

"ಮನೇಲಿ ಯಾರೋ ಗಂಡಸು ನುಗ್ಗಿದಾನೆ ಅಂತ ಇದ್ರಿಂದ ತುರ್ತು ಕರೆ ಮಾಡ್ತಿದ್ಲು. ಪೊಲೀಸ್ರು ಬರೋರು. ನುಗ್ಗಿರೋ ಗಂಡಸು ನಾನೇ" ಎಂದ ಲಿಂಡ್ಸೆ. "ಕೊನೆಕೊನೆಗೆ ಅವ್ರು ಬಂದ್ರೆ ಚಹಾ ಕುಡ್ಕೊಂಡೇ ಹೋಗೋರು. ಈಗ ಆರೈಕೆ ಮನೇಲಿದಾಳೆ. ಅಲ್ಲಿಂದ್ಲೂ ಶುರು ಮಾಡಿದ್ಲು. ಅದಕ್ಕೇ ಇಸ್ಕೊಂಡ್ಬಂದೆ."

"ಸಿಮ್ ತೆಗೆದಿಟ್ರೆ?"

"ತೆಗೆದೆ. ಇಲ್ಲದೇ ಇದ್ರೂ ತುರ್ತು ಕರೆ ಹೋಗುತ್ತೆ."

ಫೋನು ಚಾಲೂ ಮಾಡಿದರು. ಪಾಸ್‌ಕೋಡ್ ಕೇಳಿತು. ಲಿಂಡ್ಸೆಗೆ ಗೊತ್ತಿರಲಿಲ್ಲ. ಕೊಂಡವರು ಹೇಗೋ ಅಳಿಸಿಕೊಳ್ಳುತ್ತಾರೆ ಎಂದುಕೊಂಡಿದ್ದ.

"ಬೀಗ ಇರೋದು ತಗೋಬೇಡ ಅಂದಿದಾಳೆ ನನ್ನ ಗೆಳತಿ" ಎಂದಳು ಲೊರೇನ್.

"ಸರಿಯಾಗೇ ಹೇಳಿದಾರೆ. ನಿಮ್ಗೆ ಸುಮ್ನೆ ತೊಂದರೆ ಕೊಟ್ಟೆ" ಎಂದು ಅವನು ಎದ್ದ. ಬೆರಿಲಳಿಗೆ ಊಟದ ಹೊತ್ತಾಗಿದೆ, ಅಲ್ಲಿಗೆ ಹೋಗುತ್ತೇನೆ, ಕೇಳಿ ನೋಡುತ್ತೇನೆ, ಆದರೆ ಅವಳಿಗೆ ತನ್ನ ವಯಸ್ಸೂ ನೆನಪಿಲ್ಲ ಎಂದ.

ಲೊರೇನಳಿಗೆ ಮನೆಗೆ ಹೋಗಿ ಮಾಡುವುದೇನೂ ಇರಲಿಲ್ಲ. "ನಾನೂ ಬರ್ತೀನಿ" ಎಂದಳು. ತನ್ನ ಕಾರಿನಲ್ಲೇ ಅವನ ಕಾರಿನ ಹಿಂದೆ ಹೋದಳು.

ಬೆರಿಲಳ ಮುಂದೆ ಹುರಿದ ಕುರಿಮಾಂಸ, ಕಿವುಚಿದ ಕುಂಬಳಕಾಯಿ ಇತ್ತು. ಲಿಂಡ್ಸೆಯನ್ನು ನೋಡಿ ಅವಳು ತಟ್ಟೆ ಹತ್ತಿರ ಎಳೆದುಕೊಂಡಳು. "ಈ ಮನುಷ್ಯ ಮತ್ತೆ ಬಂದ. ನೀನು ಕೂತ್ಕೋ ಮಗಳೇ" ಎಂದಳು ಲೊರೇನಳಿಗೆ.

ಲಿಂಡ್ಸೆ ಪಾಸ್‌ಕೋಡ್ ಏನೆಂದು ಕೇಳಿದ. ಮದುವೆಯ ದಿನವೇ? ಹಳೆಯ ಮನೆಯ ನಂಬರೇ? ಬೆರಿಲಳಿಗೆ ರೇಗಿತು. "ಯಾವ ನಂಬ್ರಯ್ಯಾ? ಪ್ರಾಣ ತಿನ್ನಬೇಡ. ಊಟ ಮಾಡೋಕೆ ಬಿಡು."

ಲೊರೇನ್ ಫೋನನ್ನು ತೆಗೆದುಕೊಂಡು, ಏನೂ ಕೇಳದೆ, ಉಪ್ಪಿನ ಡಬ್ಬಿ ದಾಟಿಸಿದಂತೆ ಅವಳ ಕೈಗೆ ದಾಟಿಸಿದಳು. "ಇಸ್ಪೀಟಾಡ್ತೀರಾ ಬೆರಿಲ್?" ಎಂದಳು. ಫೋನಿನಲ್ಲಿ ಅವಳು ದಿನವಿಡೀ ಇಸ್ಪೀಟಾಡುತ್ತಿದ್ದಳೆಂದು ಲಿಂಡ್ಸೆ ಬೆಂಚಿನ ಮೇಲೆ ಹೇಳಿದ್ದ.

ಬೆರಿಲಳ ಹೆಬ್ಬೆರಳು ಟಪಟಪನೆ ಆರು ಸಲ ಒತ್ತಿತು. ಅವಳು ಅದನ್ನು ನೋಡುತ್ತಲೂ ಇರಲಿಲ್ಲ. ಫೋನು ತೆರೆಯಿತು. ಎಲೆಗಳನ್ನು ಹರಡಿಕೊಂಡು ಆಡಲು ಕೂತಳು.

ಲೊರೇನ್ ಆ ಅಂಕಿಗಳನ್ನು ಮೆಲ್ಲಗೆ ಲಿಂಡ್ಸೆಗೆ ಹೇಳಿದಳು. ಅವನು ಹುಟ್ಟಿದ ದಿನ, ಮದುವೆಯ ದಿನ ಎಲ್ಲಕ್ಕೂ ತಾಳೆ ಹಾಕಿ ನೋಡಿದ. "ನಮ್ಮನೇದು ಯಾವ್ದೂ ಅಲ್ಲ ಇದು" ಎಂದ.

ಇನ್ನು ಕೆಲಸ ಸುಲಭ. ಪಾಸ್‌ಕೋಡ್ ಇದ್ದರೆ ಖಾತೆಯನ್ನೂ ಬಿಡಿಸಬಹುದು. ಆದರೆ ಬೆರಿಲ್ ಫೋನು ಬಿಡಲಿಲ್ಲ. ಕುಂಬಳಕಾಯಿ ಆರಿತು. ಆರೈಕೆಯ ಹುಡುಗಿ ಬಂದು ಇವತ್ತು ಅಮ್ಮ ಎಷ್ಟು ತಣ್ಣಗಿದ್ದಾರೆ ಎಂದಳು.

"ಮಾರ್ಬೇಡಿ. ಆಡ್ತಿದಾರಲ್ಲ" ಎಂದಳು ಲೊರೇನ್.

"ಸಂಜೆ ಹೊತ್ತಿಗೆ ಪೊಲೀಸ್ರಿಗೆ ಕರೆ ಹೋಗುತ್ತೆ. ಇಲ್ಲಿಯವ್ರು ಬೇಡ ಅಂದ್ಬಿಟ್ಟಿದಾರೆ."

ಆಗ ಲೊರೇನ್ ತನ್ನ ಚೀಲದಿಂದ ಹಳೆಯ ಫೋನು ತೆಗೆದು ಮೇಜಿನ ಮೇಲಿಟ್ಟಳು. "ಇದ್ರಿಂದ ಯಾರಿಗೂ ಕರೆ ಹೋಗಲ್ಲ. ಇದನ್ನ ಕೊಡಿ ಅವ್ರಿಗೆ."

ಅಲ್ಲಿಯ ವೈಫೈಯಲ್ಲಿ ಅದೇ ಇಸ್ಪೀಟಾಟವನ್ನು ಅದಕ್ಕೆ ಇಳಿಸಿಕೊಂಡರು. ತನ್ನ ಬ್ಯಾಂಕಿನದು, ಇಮೇಲಿನದು, ಸಂದೇಶಗಳು, ಎಲ್ಲವನ್ನೂ ಲೊರೇನ್ ತೆಗೆದುಹಾಕಿದಳು. ಪಾಸ್‌ಕೋಡೂ ತೆಗೆದಳು. ಬೆರಿಲ್ ಎರಡನ್ನೂ ಒಮ್ಮೆ ನೋಡಿ, ಎಲೆಗಳು ದೊಡ್ಡದಾಗಿ ಕಾಣುತ್ತಿದ್ದ ಹಳೆಯದನ್ನು ತೆಗೆದುಕೊಂಡಳು. ಬೆರಿಲಳ ಮೊದಲಿನ ಫೋನಿನಲ್ಲಿದ್ದ ಚಿತ್ರಗಳೆಲ್ಲ ಚಾವಣಿಯವು, ಅವಳದೇ ಬೆರಳಿನವು. ಲಿಂಡ್ಸೆ ಎಲ್ಲವನ್ನೂ ಒಂದೊಂದಾಗಿ ನೋಡಿ, ಖಾತೆ ತೆಗೆದು, ಅಳಿಸುವ ಗುಂಡಿಯನ್ನು ತಾನೇ ಒತ್ತಿದ. ಒತ್ತಿ ಕಿಟಕಿಯ ಹತ್ತಿರ ಹೋಗಿ ನಿಂತ.

ಬೇಕರಿಯಲ್ಲಿ ನನ್ನ ಫೋನು ರಿಂಗಣಿಸಿತು.

"ಕೇಳಿಸ್ತಿದೆಯಾ?" ಎಂದಳು ಲೊರೇನ್.

"ಚೆನ್ನಾಗಿ ಕೇಳಿಸ್ತಿದೆ. ಸಂಖ್ಯೆ ನೋಡ್ದೆಯಾ? ಬೀಗ ತೆಗೆಸ್ದೆಯಾ?"

"ಹೂಂ. ಎಲ್ಲಾ ಆಯ್ತು."

ಅವಳು ಫೋನಿಡಲಿಲ್ಲ. ಆ ಕಡೆ ಯಾರೋ ಬಡಿಸುತ್ತಿದ್ದ ಚಮಚದ ಸದ್ದು ಕೇಳುತ್ತಿತ್ತು. ನಾನೂ ಹಿಟ್ಟಿನ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೆ.

ಮರುದಿನ ಇದನ್ನೆಲ್ಲ ಕೇಳಿ ನಾನು ಕೇಳಿದ್ದು ಒಂದೇ. "ನೆವ್ ಫೋಟೋಗಳು ಆ ಫೋನಲ್ಲೇ ಇದ್ವಲ್ಲೇ?"

"ಹೊಸದಕ್ಕೂ ಹಾಕ್ಕೊಂಡೆ. ಅದ್ರಲ್ಲಿ ಅಳಿಸ್ಲಿಲ್ಲ."

"ಯಾಕೆ? ಗುರುತಿಲ್ಲದೋರ ಕೈಗೆ ಕೊಡೋವಾಗ ಎಲ್ಲಾ ಅಳಿಸ್ಬೇಕು ಅಂತಾರೆ."

"ಬೆರಳು ಹೋಗ್ಲಿಲ್ಲ" ಎಂದಳು. ಅಂಚು ಹೆಣೆಯುತ್ತಲೇ ಇದ್ದಳು.

ಕ್ರಿಸ್‌ಮಸ್ಸಿಗೆ ಮುಂಚೆ ಲಿಂಡ್ಸೆ ಅವಳ ಹೊಸ ಫೋನಿಗೆ ಕರೆ ಮಾಡಿದ. ಬೆರಿಲ್ ಆಟದಿಂದ ಹೇಗೋ ಫೋಟೋಗಳಿಗೆ ಹೋಗಿದ್ದಳಂತೆ. ಸಮುದ್ರದಲ್ಲಿ ಎರಡು ಕೈಯಲ್ಲೂ ಏಡಿ ಎತ್ತಿ ಹಿಡಿದು ನಿಂತ ನೆವ್‌ನನ್ನು ಎಲ್ಲರಿಗೂ ತೋರಿಸುತ್ತಾ ಇವನು ನನ್ನ ಗಂಡ ಅನ್ನುತ್ತಿದ್ದಾಳಂತೆ. ಲಿಂಡ್ಸೆಗೂ ತೋರಿಸಿದಳಂತೆ.

"ನೀವೇನಂದ್ರಿ?" ಎಂದು ಕೇಳಿದಳಂತೆ ಲೊರೇನ್.

"ಒಳ್ಳೆ ಆಳು ಕಣಮ್ಮಾ ಅಂದೆ. ಈಗ ನನ್ನ ಕಂಡ್ರೆ ಅವ್ಳಿಗೆ ಭಯ ಇಲ್ಲ. ಗಂಡನ ಗೆಳೆಯ ಅಂದ್ಕೊಂಡಿದಾಳೆ. ಪಕ್ಕದಲ್ಲಿ ಕೂರೋಕೆ ಬಿಡ್ತಾಳೆ. ಆದ್ರೆ ನಿಮ್ಗೆ ಬೇಜಾರಾಗುತ್ತೆ ಅಂದ್ರೆ ಅಳಿಸಿಬಿಡ್ತೀನಿ."

ಬೇಡ ಎಂದಳು ಲೊರೇನ್.

ಅಲ್ಲಿಂದ ಮಂಗಳವಾರಗಳಂದು ಕೆಲಸ ಮುಗಿದ ಮೇಲೆ ಅವಳು ಕಡೀನಾಗೆ ಹೋಗತೊಡಗಿದಳು. ಒಮ್ಮೆ ನಾನೂ ಜೊತೆಗೆ ಹೋದೆ. ಲಿಂಡ್ಸೆ ಒಂದು ಪಕ್ಕದಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ. ಬೆರಿಲ್ ಫೋನನ್ನು ಲೊರೇನಳ ಮುಖದ ಮುಂದೆ ಹಿಡಿದಳು.

"ನನ್ನ ಗಂಡನ್ನ ನೋಡಿದೀಯಾ ಮಗಳೇ? ಏನ್ ಕೆಲ್ಸ ಮಾಡ್ತಾನೆ ಅಂತ ಮರ್ತೋಗಿದೆ ನಂಗೆ."

"ರಸ್ತೆ ಕೆಲ್ಸ" ಎಂದಳು ಲೊರೇನ್. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಹವಾಮಾನ ಹೇಳುವ ಧ್ವನಿಯಲ್ಲೇ ಹೇಳುತ್ತಾ ಹೋದಳು. "ಡಾಂಬರು ಹಾಕೋದು. ಬೂಟು ಹೊರಗೇ ಬಿಡೋನು. ಬೆಳಿಗ್ಗೆ ರೇಡಿಯೋ ಹಾಕಿ ಅದ್ರ ಜೊತೆ ವಾದ ಮಾಡೋನು."

ನೆವ್ ಹೋದಮೇಲೆ ಅವಳು ಅವನ ಬಗ್ಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನನ್ನ ಚೆನ್ನಾಗಿ ನೋಡ್ಕೊಂಡ್ನಾ?" ಎಂದಳು ಬೆರಿಲ್.

ಲಿಂಡ್ಸೆ ಪತ್ರಿಕೆಯ ಹಾಳೆ ತಿರುಗಿಸಲಿಲ್ಲ.

"ನೋಡ್ಕೊಂಡ" ಎಂದಳು ಲೊರೇನ್. "ಇನ್ನೂ ನೋಡ್ಕೊಳ್ತಿದಾನೆ."

ಬೆರಿಲ್ ತಲೆಯಾಡಿಸಿ ಮತ್ತೆ ಎಲೆಗಳಿಗೆ ಹೋದಳು. ಆರೈಕೆಯ ಹುಡುಗಿ ಕಸ್ಟರ್ಡ್ ತಂದಳು. ನಾವು ನಾಲ್ವರೂ ತಿಂದೆವು, ಅದರಲ್ಲಿ ಸಕ್ಕರೆ ಕಡಿಮೆಯಾಗಿತ್ತು.